ತೆಂಗಿನ ನಾರಿಗೆ ನಮ್ಮೂರ ಮುದ್ರೆ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದವರು ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ವಿಗ್ರಹಗಳನ್ನು ನೋಡುತ್ತಾ ಮುಂದೆ ಸಾಗುತ್ತಾರೆ. ಬಗ್ಗಿ ಅವುಗಳ ಪೀಠ ನೋಡುವವರು ಕಡಿಮೆ. ಅಲ್ಲಿ ಅನೇಕ ಕಡೆ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಈ ಗುಡಿಯಲ್ಲಿ ದಕ್ಷಿಣದ ಬದಿ ಬೈಚೋಜನ ಕೆಲಸ, ಉತ್ತರದ ಬದಿ ಮಲ್ಲಿತಮ್ಮನ ಕೆಲಸ ಎಂದು ಇವತ್ತು ನಾವು ಹೇಳುವುದು ಆ ಅಕ್ಷರಗಳ ಆಧಾರದಿಂದ. ಕಟ್ಟಿಸಿದವನ ಹೆಸರಿನ ಜೊತೆಗೆ ಕೆತ್ತಿದವನ ಹೆಸರೂ ಉಳಿಯಬೇಕೆಂಬ ಹಟ ಈ ನೆಲಕ್ಕೆ ಹೊಸದಲ್ಲ.

ಅದೇ ತಾಲ್ಲೂಕಿನ ಬಾಗೂರು ಹೋಬಳಿಯನ್ನು ಹೊರಗಿನವರು ಬಲ್ಲದ್ದು ಹೇಮಾವತಿ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗದಿಂದ. ಒಳಗಿನವರಿಗೆ ಇದು ತೆಂಗಿನ ಸೀಮೆ. ಕಾಯಿ, ಕೊಬ್ಬರಿ ಮಾರಾಟವಾದ ಮೇಲೆ ಉಳಿಯುವ ಸಿಪ್ಪೆಯಿಂದ ನಾರು, ನಾರಿನಿಂದ ಹುರಿ, ಹಗ್ಗ, ಕಾಲೊರೆಸು ಚಾಪೆ, ಗಿಡ ಬೆಳೆಸುವ ಕುಂಡ ಎಲ್ಲವೂ ಆಗುತ್ತವೆ. ಆದರೆ ಇಂಥ ಸರಕು ಹೆಸರಿಲ್ಲದೆ ಊರು ಬಿಡುತ್ತದೆ. ಪೇಟೆಯ ಅಂಗಡಿಯಲ್ಲಿ ಕೊಂಡವರಿಗೆ ಅದು ಯಾರು ಹೊಸೆದ ಹುರಿ, ಯಾವ ಊರಿನ ನಾರು ಎಂಬುದು ತಿಳಿಯುವುದಿಲ್ಲ. ತಿಳಿಯದೆ ಇದ್ದಾಗ ಬೆಲೆಯೊಂದೇ ಮಾತು. ಎರಡು ರೂಪಾಯಿ ಕಡಿಮೆಗೆ ಸಿಕ್ಕರೆ ಗಿರಾಕಿ ಆ ಕಡೆಗೆ.

ಸ್ವಸಹಾಯ ಸಂಘವೋ, ನಾಲ್ಕಾರು ಮನೆಯವರು ಸೇರಿ ಮಾಡುವ ನಾರಿನ ಘಟಕವೋ, ಬುಟ್ಟಿ ಹೆಣೆಯುವವರ ಗುಂಪೋ, ಅಡಿಕೆ ಹಾಳೆಯ ತಟ್ಟೆ ಒತ್ತುವವರೋ, ತಮ್ಮ ಕೆಲಸಕ್ಕೆ ಒಂದು ಗುರುತು ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಬಾಗೂರಿನ ನಾರನ್ನೇ ಮುಂದಿಟ್ಟುಕೊಂಡು ಇಲ್ಲಿ ಹೇಳುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇನೆ: ಗುರುತು ಎಷ್ಟು ಚೆಂದವಿದ್ದರೂ ಮಾಡುವವರ ಕೈಗೆ ಎಟುಕದಿದ್ದರೆ ಅದು ಹೆಚ್ಚು ದಿನ ಬಾಳುವುದಿಲ್ಲ. ಸಂಘದ ಸದಸ್ಯೆಯೊಬ್ಬಳು ತಾನೇ ಒತ್ತಲು, ತಾನೇ ಬರೆಯಲು, ತಾನೇ ವಿವರಿಸಲು ಆಗುವಂಥದ್ದನ್ನು ಆರಿಸಿಕೊಳ್ಳಿ.

ಸರಕು ಏನು ಹೇಳುತ್ತದೆ

ಹೆಚ್ಚಿನವರು ಲೋಗೋದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಕೈಯಲ್ಲಿರುವ ಸರಕಿನಿಂದ. ಕೇರಳದ ಆಲಪ್ಪುಳದ ನಾರು ಮತ್ತು ನಮ್ಮ ಸೀಮೆಯ ನಾರನ್ನು ಅಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಎಳೆಯ ಹಸಿರು ಕಾಯಿಯ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು ನಾರು ತೆಗೆಯುವ ಪದ್ಧತಿ ಹಳೆಯದು. ಆ ನಾರು ತಿಳಿ ಹೊನ್ನಿನ ಬಣ್ಣದ್ದು, ನುಣುಪಾದದ್ದು. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಗುಡುಗುಡು ಸದ್ದು ಮಾಡುವ ಹೊತ್ತಿಗೆ ವರ್ಷದ ಹತ್ತಿರವಾಗಿರುತ್ತದೆ. ಅಷ್ಟು ದಿನ ಒಣಗಿದ ಸಿಪ್ಪೆಯ ನಾರು ಕಂದು ಬಣ್ಣದ್ದು, ಒರಟು, ಗಟ್ಟಿ. ಸೀರೆಯಂಥ ನವಿರು ಅದಕ್ಕೆ ಬರುವುದಿಲ್ಲ. ಆದರೆ ಬಾಗಿಲ ಮುಂದೆ ಹಾಕಿ ಮಣ್ಣಿನ ಕಾಲು ಉಜ್ಜಲು, ಪಾತ್ರೆ ತಿಕ್ಕಲು, ದನ ಕಟ್ಟಲು ಅದರ ಒರಟುತನವೇ ಬೇಕು.

ಈಗ ಯೋಚಿಸಿ. ಇಂಥ ನಾರಿಗೆ ತಿಳಿ ಗುಲಾಬಿ ಬಣ್ಣದ ಹೊಳೆಯುವ ಲೇಬಲ್ ಅಂಟಿಸಿದರೆ ಹೇಗಿರುತ್ತದೆ? ನಮ್ಮ ನಾರಿನ ಕಥೆ ಅಟ್ಟದಲ್ಲಿದೆ, ಒಣಗಿದ ದಿನಗಳಲ್ಲಿದೆ, ಬಲಿತ ಕಾಯಿಯಲ್ಲಿದೆ. ಗುರುತಿನ ಬಣ್ಣ, ಕಾಗದ, ಅಕ್ಷರ ಎಲ್ಲವೂ ಆ ಕಡೆಗೆ ವಾಲಬೇಕು. ಸಂಘದ ಸಭೆಯಲ್ಲಿ ಮೊದಲ ಕೆಲಸವಾಗಿ ಮಾಡಿದ ವಸ್ತುಗಳನ್ನೆಲ್ಲ ಚಾಪೆಯ ಮೇಲೆ ಹರಡಿ, ಒಬ್ಬೊಬ್ಬರೂ ಎರಡು ಮಾತು ಹೇಳಲಿ: ಇದು ಬೇರೆಯವರದ್ದಕ್ಕಿಂತ ಹೇಗೆ ಬೇರೆ, ಇದನ್ನು ಯಾರು ಕೊಳ್ಳುತ್ತಾರೆ. ಒಬ್ಬರು ಬರೆದುಕೊಳ್ಳಲಿ. ಡಿಸೈನರ್ ಯಾರೇ ಆಗಲಿ, ಅವರಿಗೆ ಕೊಡಬೇಕಾದ ಮೊದಲ ಕಾಗದ ಅದೇ.

ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘದ ಬಟ್ಟೆಯನ್ನು ಬಲ್ಲವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಅಲ್ಲಿ ಬಣ್ಣವಾಯಿತು. ಆ ಕಂದುಗೆಂಪು ಕೈಮಗ್ಗದ ಬಟ್ಟೆ ‘ದೇಸಿ’ ಅಂಗಡಿಗಳಲ್ಲಿ ನೇತಾಡುತ್ತಿದ್ದರೆ ಚೀಟಿ ನೋಡುವ ಮುಂಚೆಯೇ ಅದು ಎಲ್ಲಿಯದೆಂದು ಹೇಳಬಹುದು. ಮಲೆನಾಡಿನ ತೋಟದ ಉಪಉತ್ಪನ್ನವೇ ಮಲೆನಾಡಿನ ಬಟ್ಟೆಯ ಗುರುತಾದದ್ದು ಹೀಗೆ.

ಹೆಸರು

ಸಂಘ ನೋಂದಾಯಿಸುವಾಗ ಇಷ್ಟದೈವದ ಹೆಸರು, ಅದರ ಮುಂದೆ ಶ್ರೀ, ಹಿಂದೆ ಮಹಿಳಾ ಸ್ವಸಹಾಯ ಸಂಘ ಎಂದು ಇಡುವುದು ನಮ್ಮ ವಾಡಿಕೆ. ಬ್ಯಾಂಕಿನ ಪಾಸ್‌ಬುಕ್ಕಿಗೆ ಅದು ಸರಿ. ಸರಕಿನ ಮೇಲೆ ಅಷ್ಟುದ್ದದ ಹೆಸರು ಕೂರುವುದಿಲ್ಲ, ಬಾಯಲ್ಲೂ ನಿಲ್ಲುವುದಿಲ್ಲ. ಎರಡು ಪದ ಸಾಕು, ಒಂದಾದರೆ ಇನ್ನೂ ಒಳ್ಳೆಯದು. ಫೋನಿನಲ್ಲಿ ಒಮ್ಮೆ ಹೇಳಿದರೆ ಆ ಕಡೆಯವರು ತಪ್ಪಿಲ್ಲದೆ ಬರೆದುಕೊಳ್ಳಬೇಕು.

ಊರಿನ ಹೆಸರು ಸೇರಿಸುವುದು ಒಳ್ಳೆಯದು. ಆದರೆ ಒಂದು ಎಚ್ಚರ ಇರಲಿ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲೂ ಒಂದು ಬಾಗೂರಿದೆ. ಆದ್ದರಿಂದ ವಿಳಾಸದ ಸಾಲಿನಲ್ಲಿ ‘ಚನ್ನರಾಯಪಟ್ಟಣ ತಾ., ಹಾಸನ ಜಿಲ್ಲೆ’ ಎಂಬುದು ಇರಲೇಬೇಕು. ಇನ್ನೊಂದು ಸಂಗತಿ ಕಾನೂನಿನದು. ಊರ ಹೆಸರಿಗೆ ವಸ್ತುವಿನ ಹೆಸರು ಸೇರಿಸಿ, ಉದಾಹರಣೆಗೆ ‘ಬಾಗೂರು ನಾರು’ ಎಂದು, ಬರೀ ಪದಗಳನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಹೊರಟರೆ ಆಕ್ಷೇಪ ಬರುವುದು ಹೆಚ್ಚುಕಡಿಮೆ ಖಚಿತ. ಊರೂ ಎಲ್ಲರದು, ನಾರೂ ಎಲ್ಲರದು ಎಂಬುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ನಿಲುವು. ಅದೇ ಪದಗಳಿಗೆ ನಿಮ್ಮದೇ ಚಿತ್ರವೊಂದು ಜೊತೆಯಾಗಿ ಇಡೀ ಮುದ್ರೆಯನ್ನು ನೋಂದಾಯಿಸಲು ಕೇಳಿದರೆ ದಾರಿ ಸಲೀಸು. ಹಾಗಾಗಿ ಹೆಸರು ಸರಳವಾಗಿರಲಿ, ಚಿತ್ರದಲ್ಲಿ ನಿಮ್ಮತನ ಇರಲಿ.

ಚಿತ್ರ: ಯಾವುದು ಬೇಡ, ಯಾವುದು ಬೇಕು

ಕರಕುಶಲ ಎಂದ ಕೂಡಲೇ ಕೈ ಚಿತ್ರ ಬರೆಯಲು ಎಲ್ಲರಿಗೂ ಮನಸ್ಸಾಗುತ್ತದೆ. ಹಾಸನ ಜಿಲ್ಲೆಯಲ್ಲಿ ಕೈ ಎಂದರೆ ಒಂದು ಪಕ್ಷ, ಕಮಲ ಎಂದರೆ ಇನ್ನೊಂದು, ತೆನೆ ಹೊತ್ತ ಮಹಿಳೆ ಎಂದರೆ ಮತ್ತೊಂದು. ನೀವು ದುಡಿಯುವ ಹೆಣ್ಣುಮಗಳ ಚಿತ್ರ ಬರೆದು, ತಲೆಯ ಮೇಲೆ ನಾರಿನ ಹೊರೆ ಇಟ್ಟರೂ ಸಂತೆಯಲ್ಲಿ ಜನ ಅದನ್ನು ಚುನಾವಣೆಯ ಚಿಹ್ನೆಯಾಗಿಯೇ ಓದುತ್ತಾರೆ. ಸಂಘದಲ್ಲಿ ಎಲ್ಲ ಪಕ್ಷದ ಮನೆಯವರೂ ಇರುತ್ತಾರೆ, ಗಿರಾಕಿಗಳಲ್ಲೂ ಇರುತ್ತಾರೆ. ಈ ಮೂರನ್ನೂ ಬಿಟ್ಟುಬಿಡಿ.

ಗಂಡಭೇರುಂಡ ನೋಡಲು ಎಷ್ಟು ಭವ್ಯವಾಗಿದ್ದರೂ ಅದು ರಾಜ್ಯ ಸರ್ಕಾರದ ಲಾಂಛನ. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆಯ ಪ್ರಕಾರ ಸರ್ಕಾರಿ ಲಾಂಛನ, ರಾಷ್ಟ್ರಧ್ವಜ, ಗಾಂಧೀಜಿಯವರ ಹೆಸರು–ಚಿತ್ರ ಇವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಶ್ರವಣಬೆಳಗೊಳ ಹತ್ತಿರವಿದೆಯೆಂದು ಬಾಹುಬಲಿಯ ಮೂರ್ತಿಯನ್ನು ಕಾಲೊರೆಸುವ ಚಾಪೆಯ ಚೀಟಿಗೆ ಹಾಕುವುದಂತೂ ಬೇಡವೇ ಬೇಡ. ಕಾನೂನಿಗಿಂತ ಮೊದಲು ಅದು ಭಕ್ತರ ಮನಸ್ಸಿನ ಪ್ರಶ್ನೆ. ಇನ್ನು ತೆಂಗಿನ ಮರ: ಎಣ್ಣೆ, ರೆಸಾರ್ಟ್, ಐಸ್‌ಕ್ರೀಮ್, ಎಲ್ಲರ ಬೋರ್ಡಿನಲ್ಲೂ ಅದಿದೆ. ನಿಮ್ಮದೆಂದು ಯಾರಿಗೂ ನೆನಪಿರುವುದಿಲ್ಲ.

ಬೇಕಾದದ್ದು ನಿಮ್ಮ ಕೆಲಸದ ಒಳಗಿನಿಂದ ಬಂದ ಆಕಾರ. ಹುರಿ ಹೊಸೆಯುವಾಗ ಎರಡು ಎಳೆ ಒಂದನ್ನೊಂದು ಸುತ್ತುವ ರೀತಿ, ಚಾಪೆಯ ಅಂಚು ಕಟ್ಟುವ ಗಂಟು, ಬುಟ್ಟಿಯ ತಳದಲ್ಲಿ ಹೆಣಿಗೆ ಶುರುವಾಗುವ ನಕ್ಷತ್ರದಂಥ ಜಾಗ, ಹೋಳು ಮಾಡಿದ ಕಾಯಿಯ ಮೂರು ಉಂಗುರ: ಸಿಪ್ಪೆ, ಕರಟ, ತಿರುಳು. ಇವನ್ನು ಬರೆಯಲು ಕಂಪ್ಯೂಟರ್ ಬೇಕಿಲ್ಲ. ನಮ್ಮ ಹೆಣ್ಣುಮಕ್ಕಳ ಬೆರಳಿನಲ್ಲಿ ಚುಕ್ಕಿ ರಂಗೋಲಿ ಇದೆಯಲ್ಲ, ಅದೇ ಸಾಕು. ಚುಕ್ಕಿ ಇಟ್ಟು ಅಳತೆ ಹಿಡಿಯುವುದು, ಒಂದೇ ಎಳೆಯಲ್ಲಿ ಸುತ್ತಿ ಬರುವುದು, ಎಡಬಲ ಸಮ ಮಾಡುವುದು, ಡಿಸೈನ್ ಶಾಲೆಗಳಲ್ಲಿ ಗ್ರಿಡ್ ಎಂದು ಕಲಿಸುವುದು ಇದನ್ನೇ. ಐದು ಚುಕ್ಕಿಗೆ ಐದು ಸಾಲು ಇಟ್ಟು, ಎರಡು ಎಳೆ ಹುರಿಯನ್ನು ಅದರೊಳಗೆ ಕೂರಿಸಲು ಸಭೆಯಲ್ಲಿ ಎಲ್ಲರಿಗೂ ಹೇಳಿ. ಹತ್ತು ಜನ ಬರೆದರೆ ಹತ್ತು ಬಗೆ ಬರುತ್ತದೆ. ಅವನ್ನು ಗೋಡೆಗೆ ಅಂಟಿಸಿ, ಬಿಡಿ. ಮುಂದಿನ ವಾರದ ಸಭೆಯಲ್ಲಿ ಕಾಗದ ನೋಡದೆ ನೆನಪಿನಿಂದ ಬರೆಯಲು ಹೇಳಿ. ಹೆಚ್ಚು ಜನರಿಗೆ ಯಾವುದು ನೆನಪಿನಲ್ಲಿ ಉಳಿದಿದೆಯೋ ಅದನ್ನು ಆರಿಸಿ. ಇದಕ್ಕಿಂತ ಒಳ್ಳೆಯ ಮತದಾನ ನನಗೆ ಗೊತ್ತಿಲ್ಲ.

ಬೆಂಗಳೂರಿನ ಡಿಸೈನರ್ ಒಬ್ಬರನ್ನು ಕರೆಸುವ ಶಕ್ತಿ ಇದ್ದರೆ ಕರೆಸಿ, ಒಳ್ಳೆಯದೇ. ಆದರೆ ಅವರು ಒಂದು ದಿನವಾದರೂ ಶೆಡ್ಡಿನಲ್ಲಿ ಕೂತು ರಾಟೆ ತಿರುಗುವುದನ್ನು ನೋಡಿದ ಮೇಲೆಯೇ ಪೆನ್ಸಿಲ್ ಹಿಡಿಯಲಿ. ಅವರ ಕೆಲಸ ನಿಮ್ಮ ರಂಗೋಲಿಯನ್ನು ತಿದ್ದಿ ಗೆರೆ ಸಮ ಮಾಡುವುದು, ಅದನ್ನು ಬದಲಿಸುವುದಲ್ಲ.

ಅಕ್ಷರ ಮತ್ತು ಮಸಿ

ಕನ್ನಡ ಅಕ್ಷರಕ್ಕೆ ತನ್ನದೇ ಸಮಸ್ಯೆಗಳಿವೆ. ಒಂದು ಅಂಗುಲದ ರಬ್ಬರ್ ಮುದ್ರೆಯಲ್ಲಿ ‘ಲಕ್ಷ್ಮಿ’ ಎಂದು ಮಾಡಿಸಿ ಒರಟು ಕಾಗದದ ಮೇಲೆ ಒತ್ತಿ ನೋಡಿ. ಮೊದಲ ಕೆಲವು ಸಲ ಚೆನ್ನಾಗಿ ಬರುತ್ತದೆ. ಮಸಿ ತುಂಬಿಕೊಳ್ಳುತ್ತಾ ಬಂದಂತೆ ಒತ್ತಕ್ಷರಗಳೆರಡೂ ಸೇರಿ ಕಪ್ಪು ಉಂಡೆಯಾಗುತ್ತವೆ. ಮಹಾಪ್ರಾಣದ ಸೀಳು ಮೊದಲು ಮುಚ್ಚಿಹೋಗುತ್ತದೆ. ‘ಧ’ ಹೋಗಿ ‘ದ’ ಆಗುತ್ತದೆ. ‘ಬಾಗೂರು’ ಎಂಬ ಹೆಸರಿನಲ್ಲಿ ಒತ್ತೂ ಇಲ್ಲ, ಸೀಳೂ ಇಲ್ಲ, ಮೂರೂ ಅಕ್ಷರ ದುಂಡಗೆ ಕೂರುತ್ತವೆ. ‘ನಾರು’ ಕೂಡ ಹಾಗೆಯೇ. ಮುದ್ರೆಗೆ ಹೇಳಿ ಮಾಡಿಸಿದ ಹೆಸರು. ನಿಮ್ಮ ಊರಿನ ಹೆಸರಿನಲ್ಲಿ ಒತ್ತು ಇದ್ದರೆ ಮುದ್ರೆಯನ್ನು ಸ್ವಲ್ಪ ದೊಡ್ಡದು ಮಾಡಿಸಿ, ಅಕ್ಷರದ ಗೆರೆ ತೆಳುವಾಗಿರಲಿ, ಸಾಲುಗಳ ನಡುವೆ ಜಾಗ ಬಿಡಿ.

ಫಾಂಟಿಗೆ ದುಡ್ಡು ಕೊಡಬೇಕಿಲ್ಲ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಟೈರೋ ಕನ್ನಡ ಇವೆಲ್ಲ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟುಗಳು. ವ್ಯಾಪಾರದ ಮುದ್ರಣಕ್ಕೂ ಬಳಸಬಹುದು. ಬಾಲೂ ತಮ್ಮ ದಪ್ಪಗೆ ದುಂಡಗಿದೆ, ದೂರಕ್ಕೆ ಕಾಣುತ್ತದೆ, ಬೋರ್ಡಿಗೆ ಸರಿ. ಸಣ್ಣ ಚೀಟಿಯ ವಿವರಗಳಿಗೆ ನೋಟೋ ಸಾಕು. ಎರಡಕ್ಕಿಂತ ಹೆಚ್ಚು ಬಗೆಯ ಅಕ್ಷರ ಒಂದು ಚೀಟಿಯಲ್ಲಿ ಬೇಡ.

ಡಿಟಿಪಿ ಅಂಗಡಿಯಲ್ಲಿ ಆಗುವ ಗೋಳು ಬೇರೆ. ನೀವು ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳಿಸುತ್ತೀರಿ. ಅಲ್ಲಿನ ಹಳೆಯ ತಂತ್ರಾಂಶ ನುಡಿಯ ಹಳೆಯ ಫಾಂಟಿಗೋ ಶ್ರೀಲಿಪಿಗೋ ಒಗ್ಗಿದೆ. ಪರಿವರ್ತಿಸುವಾಗ ಅರ್ಕಾವತ್ತು ಎಲ್ಲೋ, ಒತ್ತು ಎಲ್ಲೋ. ಆದ್ದರಿಂದ ಹೆಸರನ್ನು ಒಮ್ಮೆ ಸರಿಯಾಗಿ ಕೂರಿಸಿದ ಮೇಲೆ ಅದನ್ನು ‘ಕರ್ವ್ಸ್’ಗೆ ಬದಲಿಸಿ, ಅಂದರೆ ಅಕ್ಷರವನ್ನು ಚಿತ್ರವಾಗಿಸಿ, ಪಿಡಿಎಫ್ ಮಾಡಿಸಿಟ್ಟುಕೊಳ್ಳಿ. ಆಮೇಲೆ ಯಾವ ಊರಿನ ಯಾವ ಅಂಗಡಿಯಲ್ಲಿ ತೆರೆದರೂ ಅಕ್ಷರ ಕದಲುವುದಿಲ್ಲ. ಮೂಲ ಫೈಲನ್ನೂ ಕೇಳಿ ಪಡೆಯಿರಿ. ಸಂಘದ ಇಮೇಲ್‌ನಲ್ಲಿ ಒಂದು ಪ್ರತಿ, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇರಲಿ.

ಬಣ್ಣ ಒಂದೇ ಇರಲಿ ಎಂಬುದು ನನ್ನ ಸಲಹೆ. ಕಂದು ಕಾಗದದ ಮೇಲೆ ಕಂದು ಮಸಿ ಕಾಣಿಸುವುದಿಲ್ಲ. ಕಪ್ಪು ಅಥವಾ ಕಡು ಹಸಿರು ಎದ್ದು ಕಾಣುತ್ತದೆ. ಒಂದೇ ಬಣ್ಣದ ಗುರುತಾದರೆ ರಬ್ಬರ್ ಮುದ್ರೆಗೆ ಕೆಲವು ನೂರು ರೂಪಾಯಿ ಸಾಕು. ಬಟ್ಟೆ ಚೀಲಕ್ಕೆ ಸ್ಕ್ರೀನ್ ಪ್ರಿಂಟ್ ಮಾಡಿಸಲೂ ಒಂದೇ ಫ್ರೇಮ್ ಸಾಕು. ಮಾಡಿಸುವ ಮೊದಲು ಮೂರು ಪರೀಕ್ಷೆ ಮಾಡಿ. ಜೆರಾಕ್ಸ್ ತೆಗೆಸಿ ನೋಡಿ, ಕಪ್ಪುಬಿಳುಪಿನಲ್ಲಿ ನಿಲ್ಲುತ್ತದೆಯೇ. ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಕೊನೆಯದಾಗಿ, ಕನ್ನಡಕ ಮರೆತು ಬಂದ ಹಿರಿಯರೊಬ್ಬರಿಗೆ ಹತ್ತು ಅಡಿ ದೂರದಿಂದ ತೋರಿಸಿ.

ಪೆಟ್ಟಿಗೆ, ಪೊಟ್ಟಣವೂ ಗುರುತಿನ ಭಾಗವೇ. ನೂರು ವರ್ಷ ದಾಟಿದ ಮೈಸೂರು ಸ್ಯಾಂಡಲ್ ಸೋಪನ್ನು ನೆನೆಯಿರಿ. ಎಸ್.ಜಿ. ಶಾಸ್ತ್ರಿಯವರು ಅದಕ್ಕೆ ಒಡವೆ ಪೆಟ್ಟಿಗೆಯಂಥ ಡಬ್ಬಿ, ಮೊಟ್ಟೆಯಾಕಾರ, ಸಿಂಹದ ಮೈಗೆ ಆನೆಯ ತಲೆಯಿರುವ ಶರಭದ ಚಿಹ್ನೆ ಕೊಟ್ಟರು. ಬರೀ ಸೋಪು ಉಡುಗೊರೆಯಾದದ್ದು ಹಾಗೆ. ನಾರಿಗೆ ಒಡವೆ ಪೆಟ್ಟಿಗೆ ಬೇಕಿಲ್ಲ. ಚಾಪೆಯನ್ನು ಸುರುಳಿ ಸುತ್ತಿ, ನೀವೇ ಹೊಸೆದ ಹುರಿಯಿಂದ ಕಟ್ಟಿ, ಆ ಹುರಿಗೇ ರಟ್ಟಿನ ಚೀಟಿ ತೂಗುಬಿಟ್ಟರೆ ಅದೇ ಪೊಟ್ಟಣ. ಪ್ಲಾಸ್ಟಿಕ್ ಕವರಿನೊಳಗೆ ನಾರು ತುರುಕಿ ಪರಿಸರಸ್ನೇಹಿ ಎಂದು ಮೇಲೆ ಬರೆಯಬೇಡಿ.

ಚೀಟಿಯಲ್ಲಿ ಏನಿರಬೇಕೆಂಬುದಕ್ಕೆ ನಿಯಮವಿದೆ. ಪೊಟ್ಟಣ ಕಟ್ಟಿ ಮಾರುವ ಸರಕಿಗೆ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕರ ಹೆಸರು–ವಿಳಾಸ, ವಸ್ತುವಿನ ಹೆಸರು, ಪ್ರಮಾಣ ಅಥವಾ ಅಳತೆ, ತಯಾರಾದ ತಿಂಗಳು–ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಸಂಪರ್ಕ ಇವು ಕಡ್ಡಾಯ. ಸಂಪರ್ಕಕ್ಕೆ ಸದಸ್ಯೆಯೊಬ್ಬರ ಸ್ವಂತ ನಂಬರ್ ಕೊಡಬೇಡಿ. ಸಂಘದ ಹೆಸರಿನಲ್ಲೇ ಒಂದು ಸಿಮ್ ಇರಲಿ. ಹಣ ಪಡೆಯುವ ಕ್ಯೂಆರ್ ಕೋಡನ್ನು ಚೀಟಿಯಲ್ಲಿ ಅಚ್ಚು ಹಾಕಿಸುವುದೂ ಬೇಡ. ಖಾತೆ ಬದಲಾದರೆ ಸಾವಿರ ಚೀಟಿ ದಂಡ. ಬದಲಿಗೆ ಮಾಡಿದವರ ಹೆಸರು ಬರೆಯಲು ಒಂದು ಖಾಲಿ ಗೆರೆ ಬಿಡಿ. ಒಪ್ಪಿಗೆಯಿದ್ದವರು ಪೆನ್ನಿನಲ್ಲಿ ತಮ್ಮ ಹೆಸರು ಬರೆಯಲಿ, ಉಳಿದವರು ತಮ್ಮ ಅಂಕಿ ಹಾಕಲಿ. ಸಹಿ ಇದ್ದ ಚಾಪೆಯನ್ನು ಕೊಂಡವರು ಸುಮ್ಮನೆ ಬಿಸಾಡುವುದಿಲ್ಲ.

ಮುದ್ರೆ ಯಾರ ಕೈಯಲ್ಲಿ

ಸ್ಕಾಟ್ಲೆಂಡಿನ ಹೊರ ಹೆಬ್ರಿಡೀಸ್ ದ್ವೀಪಗಳಲ್ಲಿ ನೇಕಾರರು ತಮ್ಮ ಮನೆಗಳಲ್ಲೇ ನೇಯುವ ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆ ಬಟ್ಟೆಗೆ 1910ರಿಂದ ಒಂದು ನೋಂದಾಯಿತ ಚಿಹ್ನೆಯಿದೆ: ಗೋಳದ ಮೇಲೆ ಶಿಲುಬೆ. ನೇಕಾರ ನೇಯ್ದ ಮಾತ್ರಕ್ಕೆ ಆ ಮುದ್ರೆ ಬೀಳುವುದಿಲ್ಲ. ಪರೀಕ್ಷಕರು ಬಟ್ಟೆ ನೋಡಿ ಒಪ್ಪಿದ ಮೇಲೆಯೇ ಒತ್ತುತ್ತಾರೆ. ಇಷ್ಟು ವರ್ಷ ಆ ಬಟ್ಟೆಯ ಮಾನ ಉಳಿದಿರುವುದರಲ್ಲಿ ಚಿಹ್ನೆಯ ಅಂದಕ್ಕಿಂತ ಈ ಕಟ್ಟುನಿಟ್ಟಿನ ಪಾಲು ದೊಡ್ಡದು.

ಸಂಘದಲ್ಲೂ ಇದನ್ನು ತರಬಹುದು. ಮುದ್ರೆಯ ಜವಾಬ್ದಾರಿಯನ್ನು ಆರು ತಿಂಗಳಿಗೊಮ್ಮೆ ಇಬ್ಬರಿಗೆ ವಹಿಸಿ. ಚಾಪೆಯ ಅಳತೆ, ಅಂಚಿನ ಗಂಟು, ಒಣಗಿರುವುದು, ನಾರಿನ ಪುಡಿ ಉದುರದಿರುವುದು ಇವನ್ನು ನೋಡಿಯೇ ಅವರು ಒತ್ತಲಿ. ಸರಿಯಿಲ್ಲದ್ದನ್ನು ಮುದ್ರೆಯಿಲ್ಲದೆ ಕಡಿಮೆ ಬೆಲೆಗೆ ಮಾರಿ. ಅತ್ತಿಗೆಯ ಚಾಪೆಗೆ ಮುದ್ರೆ ಇಲ್ಲ ಎನ್ನಲು ನಾದಿನಿಗೆ ಕಷ್ಟವಾಗುತ್ತದೆ. ಅದಕ್ಕೇ ಇಬ್ಬರು, ಅದಕ್ಕೇ ಬರೆದಿಟ್ಟ ನಿಯಮ. ಹೊರಗಿನಿಂದ ಸರಕು ತಂದು ನಿಮ್ಮ ಚೀಟಿ ಹಾಕಿ ಮಾರುವುದನ್ನು ಮಾತ್ರ ಎಷ್ಟೇ ದೊಡ್ಡ ಆರ್ಡರ್ ಬಂದರೂ ಒಪ್ಪಬೇಡಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಗುರುತು ಬರೆದುಕೊಟ್ಟ ಕಲಾವಿದರಿಂದ ಹಕ್ಕನ್ನು ಸಂಘಕ್ಕೆ ಬರವಣಿಗೆಯಲ್ಲಿ ವರ್ಗ ಮಾಡಿಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದು ಸೂಕ್ಷ್ಮವಿದೆ: ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಎರಡನ್ನೂ ಬರೆಸಿ. ಟ್ರೇಡ್‌ಮಾರ್ಕ್ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ವ್ಯಕ್ತಿಗೆ ಅಥವಾ ಉದ್ಯಮ್ ನೋಂದಣಿಯಿರುವ ಸಣ್ಣ ಘಟಕಕ್ಕೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ಬೇರೆಯವರಿಗೆ 9,000. ಚಾಪೆ 27ನೇ ವರ್ಗ, ಹಗ್ಗ 22ನೇ ವರ್ಗ. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು. ಚನ್ನಪಟ್ಟಣದ ಗೊಂಬೆಗಿರುವ ಜಿಐ ಮಾನ್ಯತೆ ಬೇರೆ ಬಗೆಯದು. ಅದು ಇಡೀ ಸೀಮೆಯ ಕಸುಬಿಗೆ ಸಲ್ಲುತ್ತದೆ, ಒಂದು ಸಂಘದ ಸ್ವತ್ತಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ, ಪೊರಕೆ, ನಾರಿನ ಕೆಲಸವೂ ಸೇರಿದೆ. ತರಬೇತಿ, ಉಪಕರಣ, ಸಾಲದ ಜೊತೆ ಮಾರಾಟದ ನೆರವೂ ಅದರಲ್ಲಿದೆ. ಸಂಜೀವಿನಿ ಒಕ್ಕೂಟದಲ್ಲಿದ್ದರೆ ಸರಸ್ ಮೇಳದ ಮಳಿಗೆಗೆ ಕೇಳಿ.

ಮೊದಲ ಮಾರುಕಟ್ಟೆಗೆ ದೂರ ಹೋಗಬೇಕಿಲ್ಲ. ಹಿರೀಸಾವೆ ಹೋಬಳಿಯ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಹಗ್ಗ ಕೊಳ್ಳುವ ರೈತ ಮೊದಲು ಎಳೆದು ನೋಡುತ್ತಾನೆ, ಆಮೇಲೆ ಚೀಟಿ ನೋಡುತ್ತಾನೆ. ಅವನು ಮುಂದಿನ ವರ್ಷವೂ ಅದೇ ಚಿಹ್ನೆ ಹುಡುಕಿ ಬಂದರೆ ನಿಮ್ಮ ಗುರುತು ಗೆದ್ದಂತೆ. ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರು ಬೇರೆ ಬಗೆಯ ಗಿರಾಕಿ. ಅವರಿಗೆ ಊರಿನ ಹೆಸರಿರುವ, ಚೀಲದಲ್ಲಿ ಹಿಡಿಯುವ, ಹಗುರವಾದ ವಸ್ತು ಬೇಕು. ಚೀಟಿಯ ಹಿಂಬದಿಯಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಒಂದೊಂದು ಸಾಲು ಇರಲಿ, ಮುಂದಿನ ಬದಿ ಕನ್ನಡವೇ ಇರಲಿ. ಅಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಕಳೆದ ಬಾರಿ ಆದದ್ದು 2018ರ ಫೆಬ್ರವರಿಯಲ್ಲಿ. ಮುಂದಿನದು 2030ಕ್ಕೆ ಬರಬೇಕು. ಹೆಸರು ಆರಿಸಿ, ಮುದ್ರೆ ಮಾಡಿಸಿ, ಸಂತೆಯಲ್ಲಿ ಪರೀಕ್ಷಿಸಿ, ತಪ್ಪು ತಿದ್ದಿ, ಟ್ರೇಡ್‌ಮಾರ್ಕ್ ಕೈಗೆ ಬರುವವರೆಗೆ ಕಾಯಲು ಸಮಯ ಹಿಡಿಯುತ್ತದೆ. ಹಾಗಾಗಿ ಈ ತಿಂಗಳ ಸಂಘದ ಸಭೆಯಲ್ಲೇ ಚುಕ್ಕಿ ಇಡಲು ಶುರು ಮಾಡಿ.